ಪುನರ್ನಿರ್ಮಾಣ ಮೀಮಾಂಸೆ ಅಥವಾ ಇಪ್ಪತ್ತೆಂಟು ಸೋಲುಗಳ ತಾತ್ವಿಕ ನೆಲೆಗಟ್ಟು

ಪ್ರಸ್ತಾವನೆ

ಸೋಲೆಂಬುದು ಕೇವಲ ಫಲಿತಾಂಶವಲ್ಲ, ಅದೊಂದು ಸಂಕಥನ. ಹೀಗೆ ಶುರುವಾಗದ ಪ್ರಬಂಧಕ್ಕೆ ಯಾವ ವಿಚಾರಸಂಕಿರಣದಲ್ಲೂ ಊಟದ ಕೂಪನ್ ಸಿಗುವುದಿಲ್ಲವಾದ್ದರಿಂದ ನಾನೂ ಹೀಗೇ ಶುರುಮಾಡಿದ್ದೇನೆ.

ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಲೀಗಿನಲ್ಲಿ ಡೆಟ್ರಾಯಿಟ್ ಪಿಸ್ಟನ್ಸ್ ತಂಡವು 2023ರ ಅಕ್ಟೋಬರ್ ಕೊನೆಯಿಂದ ಡಿಸೆಂಬರ್ 28ರವರೆಗೆ ಒಂದೇ ಸಮನೆ 28 ಪಂದ್ಯ ಸೋತಿತು. ಒಂದೇ ಋತುವಿನಲ್ಲಿ ಇಷ್ಟು ಉದ್ದದ ಸೋಲಿನ ಸರಪಳಿಯನ್ನು ಆ ಲೀಗು ಅದುವರೆಗೆ ಕಂಡಿರಲಿಲ್ಲ. ಆ ಸೋಲುಗಳನ್ನೂ, ಅವುಗಳ ಬಗ್ಗೆ ಅಭಿಮಾನಿಗಳು ಮಂಡಿಸಿದ ಸಿದ್ಧಾಂತಗಳನ್ನೂ ಬಹುಶಿಸ್ತೀಯ ನೆಲೆಯಲ್ಲಿ ಮುಖಾಮುಖಿಯಾಗಿಸುವುದು ಪ್ರಸ್ತುತ ಅಧ್ಯಯನದ ಉದ್ದೇಶ. ಸಿದ್ಧಾಂತಗಳ ಸಂಖ್ಯೆ ಸೋಲುಗಳ ಸಂಖ್ಯೆಯನ್ನು ಮೀರಿರುವುದರಿಂದ ಆಯ್ದ ಕೆಲವನ್ನಷ್ಟೇ ಕೈಗೆತ್ತಿಕೊಳ್ಳಲಾಗಿದೆ.

ಕ್ಷೇತ್ರಕಾರ್ಯ ನಡೆದದ್ದು ಡೆಟ್ರಾಯಿಟಿನ ಹೊರವಲಯದ ಗೆಳೆಯರೊಬ್ಬರ ಮನೆಯ ಬೇಸ್‌ಮೆಂಟಿನಲ್ಲಿ. ಮಾಹಿತಿದಾರರು: ಕಾರು ಕಂಪನಿಗಳಲ್ಲಿ ದುಡಿಯುವ ನಾಲ್ವರು ಕನ್ನಡಿಗರು, ಒಬ್ಬ ಹಲ್ಲಿನ ಡಾಕ್ಟರು, ಕಾಲೇಜು ಓದುವ ಅವರ ಮಗ. ಪರಿಕರಗಳು: ಗೋಡೆಯಗಲದ ಟೀವಿ, ಒಂದು ಪಾತ್ರೆ ಚಿತ್ರಾನ್ನ, ಹೊರಗೆ ಮೊಣಕಾಲುದ್ದ ಹಿಮ. ನಾಲ್ವರಲ್ಲಿ ಪ್ರಬಂಧಕಾರನೂ ಒಬ್ಬ. ಆದ್ದರಿಂದ ವಸ್ತುನಿಷ್ಠತೆ ಎಲ್ಲಿ ಸಿಕ್ಕಿತೋ ಅಲ್ಲಿ.

ಅಧ್ಯಾಯ ಒಂದು: ಪಿಸ್ಟನ್ ಪದನಿಷ್ಪತ್ತಿ

ತಂಡದ ಹೆಸರಿನಲ್ಲೇ ಹಣೆಬರಹವಿದೆ ಎಂಬುದು ನಮ್ಮ ಮೊದಲ ಪ್ರಮೇಯ. 1941ರಲ್ಲಿ ಇಂಡಿಯಾನಾದ ಫೋರ್ಟ್ ವೇನ್ ಎಂಬ ಊರಲ್ಲಿ ಫ್ರೆಡ್ ಜೋಲ್ನರ್ ಎಂಬವರು ಈ ತಂಡ ಕಟ್ಟಿದರು. ಅವರ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದು ಎಂಜಿನ್ನಿನ ಪಿಸ್ಟನ್ನುಗಳು; ಹೆಸರು ಅಲ್ಲಿಂದ ಬಂತು. 1957ರಲ್ಲಿ ತಂಡ ಡೆಟ್ರಾಯಿಟಿಗೆ ಬಂದಾಗ, ಕಾರಿನ ಊರಿಗೆ ಪಿಸ್ಟನ್ ಬಂದದ್ದು ಎಷ್ಟು ಸೊಗಸು ಎಂದು ಯಾರೂ ಹೆಸರು ಬದಲಿಸಲಿಲ್ಲ.

ಪಿಸ್ಟನ್ನಿನ ಕೆಲಸ ಮೇಲೆ ಹೋಗುವುದು, ಕೆಳಗೆ ಬರುವುದು. 1989, 1990 ಮತ್ತು 2004ರಲ್ಲಿ ತಂಡ ಚಾಂಪಿಯನ್ ಆಯಿತು: ಇದು ಮೇಲೆ ಹೋದದ್ದು. 2008ರ ಮೇ ತಿಂಗಳ ನಂತರ ಹದಿನಾರು ವರ್ಷ, ಋತುವಿನ ಕೊನೆಗೆ ಬರುವ ಪ್ಲೇಆಫ್ ಸುತ್ತಿನಲ್ಲಿ ಒಂದೇ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ: ಇದು ಕೆಳಗೆ ಬಂದದ್ದು. ಹದಿನಾರು ವರ್ಷ ಕೆಳಗೇ ಬರುತ್ತಿರುವ ಪಿಸ್ಟನ್ನನ್ನು ನಮ್ಮ ವರ್ಕ್‌ಶಾಪಿನಲ್ಲಿ ಬೇರೆ ಹೆಸರಿನಿಂದ ಕರೆಯುತ್ತೇವೆ. ಅದು ಮುದ್ರಣಯೋಗ್ಯವಲ್ಲ.

ಫೋರ್ ಸ್ಟ್ರೋಕ್ ಎಂಜಿನ್ನಿಗೆ ನಾಲ್ಕು ಘಾತಗಳೆಂದು ಐಟಿಐ ಹುಡುಗರೂ ಬಲ್ಲರು: ಹೀರು, ಅದುಮು, ಸಿಡಿ, ಉಗುಳು. ಸೋತ ತಂಡದ ಪುನರ್ನಿರ್ಮಾಣವೂ ಇದೇ ಚತುರ್ಘಾತ ಕ್ರಮದಲ್ಲಿ ನಡೆಯುತ್ತದೆಂಬುದು ನಮ್ಮ ಮೂಲ ಪ್ರತಿಪಾದನೆ.

ಅಧ್ಯಾಯ ಎರಡು: ಹೀರುಘಾತ ಅಥವಾ ಲಾಟರಿ ಜ್ಯೋತಿಷ

ಎನ್‌ಬಿಎಯಲ್ಲಿ ಕೆಟ್ಟದಾಗಿ ಸೋತವನಿಗೆ ಒಳ್ಳೆಯ ಹೊಸ ಹುಡುಗನನ್ನು ಆರಿಸಿಕೊಳ್ಳುವ ಅವಕಾಶ ಹೆಚ್ಚು. ಆದರೆ ಖಾತರಿ ಇಲ್ಲ. ಒಂದು ಯಂತ್ರದೊಳಗೆ 14 ಪಿಂಗ್‌ಪಾಂಗ್ ಚೆಂಡುಗಳು ಕುಣಿಯುತ್ತವೆ, ನಾಲ್ಕು ಹೊರಬೀಳುತ್ತವೆ. ಹೀಗೆ ಬೀಳಬಹುದಾದ ಜೋಡಣೆಗಳು 1001. ಒಂದನ್ನು ಪಕ್ಕಕ್ಕಿಟ್ಟು ಉಳಿದ ಸಾವಿರವನ್ನು ಪ್ಲೇಆಫ್ ತಲುಪದ ತಂಡಗಳಿಗೆ ಹಂಚುತ್ತಾರೆ. ಅತಿ ಕೆಟ್ಟ ಮೂರು ತಂಡಗಳಿಗೆ ತಲಾ 140. ಅಂದರೆ ಎಷ್ಟೇ ಶ್ರದ್ಧೆಯಿಂದ ಸೋತರೂ ಮೊದಲ ಆಯ್ಕೆ ಸಿಗುವ ಸಾಧ್ಯತೆ ಶೇಕಡ 14. ಕಟ್ಟಕಡೆಯ ತಂಡವು ಐದನೆಯ ಸ್ಥಾನಕ್ಕೆ ಜಾರುವ ಸಾಧ್ಯತೆಯಾದರೋ ಶೇಕಡ 47.9.

ನಮ್ಮವರು 2022–23ರಲ್ಲಿ 17 ಗೆದ್ದು 65 ಸೋತು ಲೀಗಿನ ತಳ ಮುಟ್ಟಿದರು. ಚೆಂಡುಗಳು ಐದನೆಯ ಸ್ಥಾನ ಕೊಟ್ಟವು. ಆ ವರ್ಷದ ಫ್ರೆಂಚ್ ಅದ್ಭುತ ವಿಕ್ಟರ್ ವೆಂಬನ್ಯಾಮ ಸ್ಯಾನ್ ಆಂಟೋನಿಯೋ ಪಾಲಾದ. ಮರುವರ್ಷ ಇನ್ನೂ ನಿಷ್ಠೆಯಿಂದ 68 ಸೋತರು. ಚೆಂಡುಗಳು ಮತ್ತೆ ಐದನೆಯ ಸ್ಥಾನವನ್ನೇ ಕೊಟ್ಟವು. ಡಾಕ್ಟರ ಮಗ ಇದನ್ನು ‘ನಿರೀಕ್ಷಿತ ಮೌಲ್ಯದ ಅಲ್ಪಾವಧಿ ವಿಚಲನೆ’ ಎಂದು ವಿವರಿಸಿ ಲ್ಯಾಪ್‌ಟಾಪಿನಲ್ಲಿ ಗೆರೆ ಎಳೆದು ತೋರಿಸಿದ. ನಮ್ಮ ಕಡೆ ಇದಕ್ಕೆ ಶನಿಕಾಟ ಎನ್ನುತ್ತಾರೆ; ಗೆರೆ ಎಳೆಯುವುದಿಲ್ಲ, ಎಳ್ಳೆಣ್ಣೆ ದೀಪ ಹಚ್ಚುತ್ತಾರೆ.

ಈ ಘಾತಕ್ಕೆ ಒಂದು ಪೂರ್ವಪರಂಪರೆಯೂ ಉಂಟು. ಫಿಲಡೆಲ್ಫಿಯಾದಲ್ಲಿ ಸ್ಯಾಮ್ ಹಿಂಕಿ ಎಂಬ ಆಚಾರ್ಯರು 2013ರಿಂದ 2016ರವರೆಗೆ ಸೋಲನ್ನೇ ಬಂಡವಾಳವಾಗಿ ಹೂಡುವ ದರ್ಶನವನ್ನು ಸ್ಥಾಪಿಸಿದರು. ಅವರ ಕೊನೆಯ ಋತುವಿನ ಲೆಕ್ಕ 10 ಗೆಲುವು, 72 ಸೋಲು. ಹೊರಡುವಾಗ ಅವರು ಬರೆದ ರಾಜೀನಾಮೆ ಪತ್ರ 13 ಪುಟ. ಹತ್ತು ಗೆಲುವಿಗೆ ಹದಿಮೂರು ಪುಟ. ಅಲ್ಲಿಂದಾಚೆ ‘ಪ್ರಕ್ರಿಯೆ’ ಎಂಬ ಮಾತು ಮಂತ್ರವಾಯಿತು. ಯಾವ ತಂಡ ಸೋತರೂ ಅಭಿಮಾನಿಗಳು ಸೋತೆವು ಎನ್ನುವುದಿಲ್ಲ, ಪ್ರಕ್ರಿಯೆಯಲ್ಲಿದ್ದೇವೆ ಎನ್ನುತ್ತಾರೆ.

ನಮ್ಮ ಬೇಸ್‌ಮೆಂಟಿನಲ್ಲಿ ಯಾರಾದರೂ ಮುಂದಿನ ಆಯ್ಕೆಯ ಬಗ್ಗೆ ಅತಿ ವಿಶ್ವಾಸದಿಂದ ಮಾತಾಡಿದರೆ ಹಳಬರೊಬ್ಬರು ಮೂಲೆಯಿಂದ ‘ಡಾರ್ಕೊ’ ಎನ್ನುತ್ತಾರೆ. ಹಲ್ಲಿ ಲೊಚಗುಟ್ಟಿದ ಹಾಗೆ. 2003ರಲ್ಲಿ ಎರಡನೆಯ ಆಯ್ಕೆ ಕೈಯಲ್ಲಿದ್ದಾಗ ತಂಡ ಡಾರ್ಕೊ ಮಿಲಿಚಿಚ್‌ನನ್ನು ತೆಗೆದುಕೊಂಡಿತು. ಮೂರು, ನಾಲ್ಕು, ಐದನೆಯವರಾಗಿ ಹೋದವರು ಕಾರ್ಮೆಲೊ ಆಂಟನಿ, ಕ್ರಿಸ್ ಬಾಶ್, ಡ್ವೇನ್ ವೇಡ್. ಆ ಒಂದು ಪದ ಕೇಳಿದರೆ ಎಲ್ಲ ಶೇಕಡಾವಾರುಗಳೂ ಬಾಯಿ ಮುಚ್ಚಿಕೊಂಡು ಚಿತ್ರಾನ್ನ ಬಡಿಸಿಕೊಳ್ಳುತ್ತವೆ.

ಅಧ್ಯಾಯ ಮೂರು: ಅದುಮುಘಾತ ಅಥವಾ ದೈತ್ಯಮತಗಳ ವಿಚಾರ

ಹೀರಿಕೊಂಡ ಹುಡುಗರಲ್ಲಿ ಯಾವ ಐವರನ್ನು ಮೊದಲು ಅಂಗಳಕ್ಕಿಳಿಸಬೇಕೆಂಬುದೇ ಅದುಮುಘಾತದ ಸಮಸ್ಯೆ. ಅಂಗಳದ ಉದ್ದ 94 ಅಡಿ, ಅಗಲ 50 ಅಡಿ. ಅದರಲ್ಲಿ ಆಡುವವರು ಹತ್ತು ಜನ. ಆದರೂ ಅಭಿಮಾನಿಯ ಪ್ರಕಾರ ಅಲ್ಲಿ ಸದಾ ಜಾಗವಿಲ್ಲ. ಈ ಇಲ್ಲದ ಜಾಗಕ್ಕೆ ಶಾಸ್ತ್ರದಲ್ಲಿ ‘ಸ್ಪೇಸಿಂಗ್’ ಎಂದು ಹೆಸರು. ಬೆಳಗಿನ ಏಳರ ಬಿಎಂಟಿಸಿ ಬಸ್ಸು ಹತ್ತಿದವರು ಬಹುಶಃ ಈ ಪರಿಕಲ್ಪನೆಗೆ ಹೆಚ್ಚು ಆಳವಾದ ಕೊಡುಗೆ ನೀಡಬಲ್ಲರು.

ಸ್ಪೇಸಿಂಗ್ ಕುರಿತು ಮೂರು ಮತಗಳಿವೆ. ಬುಟ್ಟಿಯ ಬುಡದಲ್ಲಿ ಒಬ್ಬನೇ ಎತ್ತರದವ ಇರಬೇಕೆನ್ನುವುದು ಏಕದೈತ್ಯ ಮತ. ಇಬ್ಬರಿರಲಿ, ಜೇಲನ್ ಡುರೆನ್ ಜೊತೆಗೆ ಇನ್ನೊಬ್ಬನೂ ನಿಲ್ಲಲಿ ಎನ್ನುವುದು ದ್ವಿದೈತ್ಯ ಮತ. ದೈತ್ಯನೇನೋ ಹೌದು, ಆದರೆ ಗೆರೆಯಾಚೆ ನಿಂತು ಮೂರಂಕದ ಚೆಂಡನ್ನೂ ಹೊಡೆಯಬಲ್ಲ, ಆದ್ದರಿಂದ ಇದ್ದೂ ಜಾಗ ತಿನ್ನುವುದಿಲ್ಲ ಎಂಬ ಸೂಕ್ಷ್ಮ ನಿಲುವು ವಿಶಿಷ್ಟದೈತ್ಯ ಮತ. ಇದಕ್ಕೆ ಐಸಾಯಾ ಸ್ಟೂವರ್ಟ್ ಪ್ರಮಾಣಪುರುಷ. ಮಾರ್ವಿನ್ ಬ್ಯಾಗ್ಲಿ, ಜೇಮ್ಸ್ ವೈಸ್‌ಮನ್ ಎಂಬ ಇನ್ನಿಬ್ಬರು ದೈತ್ಯರೂ ತಂಡದಲ್ಲಿದ್ದರು. ಇಬ್ಬರೂ ಬೇರೆ ತಂಡಗಳು ಎರಡನೆಯ ಆಯ್ಕೆಯಾಗಿ ತೆಗೆದುಕೊಂಡು ಕೈಬಿಟ್ಟವರು. ಬಹುದೈತ್ಯೋಪಾಸನೆಯ ಈ ಅಂಶವನ್ನು ವಿಸ್ತರಭಯದಿಂದ ಬಿಡಲಾಗಿದೆ.

ಇದಕ್ಕಿಂತ ದೊಡ್ಡ ವಾದ ಗಾರ್ಡುಗಳದು. 2023ರ ಋತುವಿಗೆ ಹೊಸ ತರಬೇತುದಾರರಾಗಿ ಬಂದ ಮಾಂಟಿ ವಿಲಿಯಮ್ಸ್, ಐದನೆಯ ಆಯ್ಕೆಯಾಗಿ ಬಂದಿದ್ದ ಜೇಡನ್ ಐವಿಯನ್ನು ಬೆಂಚಿನಲ್ಲಿ ಕೂರಿಸಿ ಕಿಲಿಯನ್ ಹೇಯ್ಸ್‌ನನ್ನು ಮೊದಲ ಐವರಲ್ಲಿ ಆಡಿಸಿದರು. ಒಬ್ಬ ರಕ್ಷಣೆ ಬಲ್ಲವ, ಬುಟ್ಟಿಗೆ ಹಾಕಲಾರ. ಇನ್ನೊಬ್ಬ ಬಾಣದಂತೆ ನುಗ್ಗುವವ, ರಕ್ಷಣೆ ಅಷ್ಟಕ್ಕಷ್ಟೆ. ಈ ವಿಷಯದಲ್ಲಿ ಬೇಸ್‌ಮೆಂಟು ಎರಡು ಮಠಗಳಾಗಿ ಒಡೆಯಿತು. ಹನ್ನೊಂದನೆಯ ಸೋಲಿನ ಹೊತ್ತಿಗೆ ಐವಿಮಠದವರು ಸೋಫಾದ ಎಡಕ್ಕೂ ಹೇಯ್ಸ್‌ಮಠದವರು ಬಲಕ್ಕೂ ಕೂರುತ್ತಿದ್ದರು. ಹೇಯ್ಸ್‌ಮಠದಲ್ಲಿದ್ದವರು ಡಾಕ್ಟರೊಬ್ಬರೇ. ಉಪ್ಪಿನಕಾಯಿ ಅವರ ಕಡೆ ಹೋಗುತ್ತಿರಲಿಲ್ಲ.

ಅಧ್ಯಾಯ ನಾಲ್ಕು: ಸಿಡಿಘಾತ ಅಥವಾ ಅಭಿಮಾನಿಗಳ ನವವಿಧ ವರ್ಗೀಕರಣ

ಈ ಅಧ್ಯಾಯದಲ್ಲಿ ಅಭಿಮಾನಿಗಳನ್ನು ಒಂಬತ್ತು ವರ್ಗಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಮೂರು ಉಪವರ್ಗಗಳನ್ನು ಕಲ್ಪಿಸಲಾಗುವುದು.

ಒಂದು: ತಾಳ್ಮೆವಾದಿಗಳು. ‘ತಾಳಿದವನು ಬಾಳಿಯಾನು’ ಇವರ ಧ್ಯೇಯವಾಕ್ಯ. ಮೂರು ವರ್ಷ ಬೇಕು ಎಂದು ಶುರುಮಾಡುತ್ತಾರೆ. ಮೂರು ವರ್ಷವಾದ ಮೇಲೂ ಮೂರು ವರ್ಷವೇ ಬೇಕಿರುತ್ತದೆ. ಚಿಕ್ಕಂದಿನಲ್ಲಿ ನಮ್ಮ ಬೀದಿಯ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿತ್ತು. ರಾತ್ರಿ ಬರುವ ದೆವ್ವ ಅದನ್ನೋದಿ ಹಿಂದಿರುಗಿ, ಮರುದಿನ ಬಂದು ಮತ್ತೆ ಓದಿ ಹಿಂದಿರುಗಬೇಕು. ಪುನರ್ನಿರ್ಮಾಣವೆಂದರೆ ಕ್ರೀಡಾಂಗಣದ ಬಾಗಿಲ ಮೇಲೆ ಹಾಗೆ ಬರೆದ ಎರಡು ಪದ. ದೆವ್ವ ಯಾರು? ಟಿಕೆಟ್ಟು ಕೊಂಡವನು.

ಎರಡು: ಕಡತವಾದಿಗಳು. ಇವರಿಗೆ ಆಟಗಾರ ಕಾಣುವುದಿಲ್ಲ. ಅವನ ಒಪ್ಪಂದ ಎಷ್ಟು ವರ್ಷ, ಎಷ್ಟು ಮಿಲಿಯನ್, ತಂಡದ ಸಂಬಳದ ಮಿತಿಯಾದ ಸ್ಯಾಲರಿ ಕ್ಯಾಪಿನಲ್ಲಿ ಎಷ್ಟು ಜಾಗ ನುಂಗುತ್ತಾನೆ ಎಂಬುದು ಕಾಣುತ್ತದೆ. ಹುಡುಗನನ್ನು ‘ಅಸೆಟ್’ ಎನ್ನುತ್ತಾರೆ. ಆಸ್ತಿ. ಬೆಲೆ ಇಳಿಯುವ ಮುಂಚೆ ಮಾರಬೇಕಾದದ್ದು.

ಮೂರು:

ಮೂರನೆಯದು ಬೇಡ. ಒಂಬತ್ತಂತೂ ಬೇಡವೇ ಬೇಡ.

ಆ ಡಿಸೆಂಬರಿನಲ್ಲಿ ಡುರೆನ್‌ಗೆ 20 ವರ್ಷ. ಅದೇ ತಂಡದ ಅಸಾರ್ ಥಾಂಪ್ಸನ್‌ಗೂ 20. ಐವಿಗೆ 21, ನಾಯಕನಂತಿದ್ದ ಕೇಡ್ ಕನಿಂಗ್‌ಹ್ಯಾಮ್‌ಗೆ 22. ನಮ್ಮ ಕಡೆ ಆ ವಯಸ್ಸಿನ ಹುಡುಗ ಸಪ್ಲಿಮೆಂಟರಿ ಪರೀಕ್ಷೆ ಕಟ್ಟಿದರೆ ಮನೆಯವರು ಗಟ್ಟಿಯಾಗಿ ಮಾತಾಡಿಸುವುದಿಲ್ಲ. ಡಿಸೆಂಬರ್ 26ರ ರಾತ್ರಿ ಕೇಡ್ ಒಬ್ಬನೇ 41 ಅಂಕ ಹಾಕಿ ಬ್ರೂಕ್ಲಿನ್ ಎದುರು ತಂಡದ ಇಪ್ಪತ್ತೇಳನೆಯ ಸೋಲು ಕಂಡ. ನಾವು ಆರು ಜನ ಗಡ್ಡ ನೆರೆತವರು, ನೆರೆಯದವರು ಕೂತು, ಅವನ ಮೌಲ್ಯ ಏರಿತೋ ಇಳಿಯಿತೋ ಎಂದು ಚರ್ಚಿಸಿದೆವು. ಯಾರ ಮೌಲ್ಯ? ಯಾರು ಕೊಳ್ಳುವವರು? ನಮ್ಮಲ್ಲಿ ಒಬ್ಬನಿಗೂ ಆ ತಂಡದ ಒಂದು ಬೋಲ್ಟಿನ ಮೇಲೂ ಹಕ್ಕಿರಲಿಲ್ಲ. ಆದರೂ ನಮ್ಮ ಬಾಯಲ್ಲಿ ಮಾಲೀಕನ ಗುಮಾಸ್ತನ ಭಾಷೆ. ಹಿಂದೆಲ್ಲ ಅಭಿಮಾನಿ ಸೋತಾಗ ಅಳುತ್ತಿದ್ದ, ಬೈಯುತ್ತಿದ್ದ, ಟೀವಿಗೆ ಚಪ್ಪಲಿ ಎಸೆಯುತ್ತಿದ್ದ. ಅದರಲ್ಲೊಂದು ಮಾನವಿತ್ತು. ಆ ರಾತ್ರಿ ಕ್ರೀಡಾಂಗಣದಲ್ಲಿ ‘ತಂಡ ಮಾರಿ’ ಎಂದು ಕೂಗಿದ ಜನರೇ ಸರಿಯಾದ ವ್ಯಾಕರಣ ಬಲ್ಲವರು. ಅವರು ಮಾರಲು ಹೇಳಿದ್ದು ಹುಡುಗರನ್ನಲ್ಲ, ಮಾಲೀಕನ ಪಾಲನ್ನು.

ಅದೂ ಎಂಥ ಊರಿನಲ್ಲಿ! 1950ರಲ್ಲಿ ಹದಿನೆಂಟು ಲಕ್ಷ ಜನ ದಾಟಿದ್ದ ಡೆಟ್ರಾಯಿಟಿನಲ್ಲಿ 2020ರ ಗಣತಿಗೆ ಸಿಕ್ಕವರು ಆರೂವರೆ ಲಕ್ಷಕ್ಕೂ ಕಡಿಮೆ. 2013ರಲ್ಲಿ ನಗರಾಡಳಿತವೇ ದಿವಾಳಿ ಅರ್ಜಿ ಹಾಕಿತು. 1805ರ ಬೆಂಕಿಯಲ್ಲಿ ಊರು ಸುಟ್ಟಮೇಲೆ ಹುಟ್ಟಿದ ಅದರ ಧ್ಯೇಯವಾಕ್ಯದ ಅರ್ಥ, ಒಳಿತನ್ನು ಹಾರೈಸುತ್ತೇವೆ, ಬೂದಿಯಿಂದ ಎದ್ದೇಳುತ್ತದೆ ಎಂದು. ಈ ಊರಿನವರಿಗೆ ಪುನರ್ನಿರ್ಮಾಣದ ಪಾಠ ಹೇಳಲು ಯಾರಿಗೆ ಯೋಗ್ಯತೆಯಿದೆ? ಖಾಲಿ ಮನೆಗಳ ನಡುವೆ ಬೀದಿದೀಪ ಉರಿಯದೆ ವರ್ಷಗಟ್ಟಲೆ ಬಾಳಿದವರು ಅವರು. ಅವರ ಮುಂದೆ, ಉಪನಗರದ ಬೆಚ್ಚನೆಯ ಬೇಸ್‌ಮೆಂಟಿನಿಂದ, ಸ್ವಲ್ಪ ತಾಳ್ಮೆ ಇರಲಿ ಅಂತೆ.

ಅಧ್ಯಾಯ ಐದು: ಉಗುಳುಘಾತ

ಶಾಸ್ತ್ರಕ್ಕೆ ಮರಳೋಣ. ಸುಟ್ಟ ಹೊಗೆ ಹೊರಹೋಗುವುದೇ ನಾಲ್ಕನೆಯ ಘಾತ.

2024ರ ಫೆಬ್ರವರಿಯಲ್ಲಿ ತಂಡ ಕಿಲಿಯನ್ ಹೇಯ್ಸ್‌ನನ್ನು ಕೈಬಿಟ್ಟಿತು. ಅವನಿಗೆ ಆಗ 22 ವರ್ಷ. ಐವಿಮಠದವರಾದ ನಾವು ಚಪ್ಪಾಳೆ ತಟ್ಟಿದೆವು. ಜೂನ್‌ನಲ್ಲಿ ಮಾಂಟಿ ವಿಲಿಯಮ್ಸ್ ಅವರನ್ನೂ ತೆಗೆದರು. ಅವರ ಒಪ್ಪಂದ ಆರು ವರ್ಷಕ್ಕೆ 78.5 ಮಿಲಿಯನ್ ಡಾಲರ್; ದುಡಿದದ್ದು ಒಂದು ಋತು, ಗೆದ್ದದ್ದು 14 ಪಂದ್ಯ. ಉಳಿದ ವರ್ಷಗಳ ಹಣ ತಂಡ ಕೊಡಲೇಬೇಕಿತ್ತು. ಎಂಜಿನ್ ಒಂದೇ, ಹೊಗೆ ಕೊಳವೆಗಳು ಮಾತ್ರ ಬೇರೆ ಬೇರೆ.

ಆಮೇಲೆ ಏನಾಯಿತೆಂದರೆ, ಗೆದ್ದರು. ಹೊಸ ತರಬೇತುದಾರ ಜೆ.ಬಿ. ಬಿಕರ್‌ಸ್ಟಾಫ್ ಬಂದರು. ಹುಡುಗರ ನಡುವೆ ಟೋಬಿಯಸ್ ಹ್ಯಾರಿಸ್, ಮಲಿಕ್ ಬೀಸ್ಲಿ, ಟಿಮ್ ಹಾರ್ಡವೇ ಜೂನಿಯರ್ ಎಂಬ ಆಟ ಬಲ್ಲ ಹಿರಿಯರನ್ನು ಸೇರಿಸಿದರು. 14 ಗೆದ್ದ ತಂಡ 2024–25ರಲ್ಲಿ 44 ಗೆದ್ದಿತು. ಪ್ಲೇಆಫ್‌ನಲ್ಲೂ ನ್ಯೂಯಾರ್ಕ್ ವಿರುದ್ಧ ಎರಡು ಪಂದ್ಯ ಗೆದ್ದಿತು. ಬೇಸ್‌ಮೆಂಟಿನ ಆರೂ ಜನ ತಮ್ಮ ತಮ್ಮ ಸಿದ್ಧಾಂತವೇ ನಿಜವಾಯಿತೆಂದು ಘೋಷಿಸಿದರು. ದೊಡ್ಡವರ ಜೊತೆ ಆಡಿಸಿದರೆ ಚಿಕ್ಕವರು ಕಲಿಯುತ್ತಾರೆಂಬ ಸಂಗತಿಗೆ ಯಾವ ಅಧ್ಯಾಯದಲ್ಲೂ ಜಾಗವಿರಲಿಲ್ಲ.

ಉಪಸಂಹಾರ

ಐವಿಯ ಅಜ್ಜ ಇದೇ ಊರಿನ ಫುಟ್‌ಬಾಲ್ ತಂಡ ಲಯನ್ಸ್‌ಗೆ ಆಡಿದವರು. ಆ ಗೆಲುವಿನ ಋತುವಿನಲ್ಲಿ ಮೊಮ್ಮಗ ಮೊದಲ ಐವರಲ್ಲಿ ಒಬ್ಬನಾಗಿದ್ದ. 30 ಪಂದ್ಯ ಆಡಿದ, ಸರಾಸರಿ 17.6 ಅಂಕ. 2025ರ ಜನವರಿ 1ರಂದು ಒರ್ಲಾಂಡೊ ವಿರುದ್ಧದ ಪಂದ್ಯದಲ್ಲಿ ಉರುಳುತ್ತಿದ್ದ ಚೆಂಡಿಗಾಗಿ ಎದುರಾಳಿಯೊಬ್ಬ ಹಾರಿದಾಗ ಐವಿಯ ಎಡಗಾಲ ಮೂಳೆ ಮುರಿಯಿತು. ಸ್ಟ್ರೆಚರಿನಲ್ಲಿ ಕೊಂಡೊಯ್ದರು. ಆ ಪಂದ್ಯ ಗೆದ್ದೆವು. ಉಳಿದ ಋತುವನ್ನು ಅವನು ಆಡಲಿಲ್ಲ. ಅಷ್ಟು ವರ್ಷ ಕಾದ ಪ್ಲೇಆಫ್‌ನಲ್ಲೂ ಆಡಲಿಲ್ಲ.

ಅವನನ್ನು ಹೊತ್ತೊಯ್ಯುವಾಗ ಬೇಸ್‌ಮೆಂಟಿನಲ್ಲಿ ಯಾರೂ ಮಾತಾಡಲಿಲ್ಲ. ಡಾಕ್ಟರು ಎದ್ದು ನಿಂತಿದ್ದರು. ನಂತರ ಒಂದು ದನಿ ಕೇಳಿಸಿತು: “ಒಂದು ಲೆಕ್ಕಕ್ಕೆ ನೋಡಿದ್ರೆ, ಬೀಸ್ಲಿಗೆ ಜಾಸ್ತಿ ನಿಮಿಷ ಸಿಗುತ್ತೆ. ಸ್ಪೇಸಿಂಗ್ ಸುಧಾರಿಸಬಹುದು.”

ಡಾಕ್ಟರ ಮಗ ತಿರುಗಿ ನೋಡಿದ. ಅಂದದ್ದು ನಾನು.

ಈ ಪ್ರಬಂಧವನ್ನು ಬರೆಯತೊಡಗಿದ್ದು ಆ ರಾತ್ರಿ ಮನೆಗೆ ಬಂದ ಮೇಲೆ. ಒಂಬತ್ತು ವರ್ಗಗಳಲ್ಲಿ ಮೂರನೆಯದನ್ನು ಬಿಟ್ಟದ್ದು ವಿಸ್ತರಭಯದಿಂದಲ್ಲ. ಅದರಲ್ಲಿ ನನ್ನ ಹೆಸರಿತ್ತು.