ಮದ್ಲ ಕೇಳಿದವರು ನಾವ!

ಚಿಕ್ಕೋಡಿ ಬಸ್ ಸ್ಟ್ಯಾಂಡಿನ ಎದುರು ಚಹಾ ಕುಡಿಯುತ್ತ ಯಾವುದಾದರೂ ಹಾಡುಗಾರನ ಹೆಸರು ತೆಗೆದು ನೋಡಿ. ಬಸಿಯಲ್ಲಿನ ಚಹಾ ಆರುವುದರೊಳಗೆ ಒಬ್ಬ ಸಾಕ್ಷಿದಾರ ಎದ್ದು ನಿಲ್ಲುತ್ತಾನೆ. "ಅಂವೇನ್ರಿ? ಅಂವಾ ಏನೂ ಇಲ್ದಾಗ ನಮ್ಮೂರ ಜಾತ್ರ್ಯಾಗ ಹಾಡಿದ್ದ. ಮುಂದಿನ ಸಾಲಿನ್ಯಾಗ ಕುಂತ ಕೇಳೇನಿ ನಾ!" ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದೂ ತಾಲೂಕುಗಳಲ್ಲಿ ಕಬ್ಬು ಬಿಟ್ಟರೆ ಹುಲುಸಾಗಿ ಬೆಳೆಯುವುದು ಇಂಥ ಸಾಕ್ಷಿದಾರರೇ. ಇವರಿಗೆ ಕೃಷ್ಣೆಯ ನೀರೂ ಬೇಡ, ಸರಕಾರಿ ಗೊಬ್ಬರವೂ ಬೇಡ. ಹಾಡುಗಾರ ಗೆದ್ದ ಸುದ್ದಿಯೊಂದು ಟೀವಿಯಲ್ಲಿ ಬಂದರೆ ಸಾಕು, ಹಳೆಯ ಕೇಳುಗರು ರಾತ್ರೋರಾತ್ರಿ ಹುಟ್ಟಿಬಿಡುತ್ತಾರೆ.

ಸದ್ಯ ಹಂಗಾಮು ನಡೆದಿರುವುದು ಮಾಳು ನಿಪನಾಳ ಅವರದು. ರಾಯಬಾಗ ತಾಲೂಕಿನ ನಿಪನಾಳದವರು. 'ನಾ ಡ್ರೈವರ' ಹಾಡು ಯೂಟ್ಯೂಬಿನಲ್ಲಿ ಕೋಟಿಗಟ್ಟಲೆ ಸಲ ಓಡಿತು. 2025ರಲ್ಲಿ ಅವರು ಬಿಗ್ ಬಾಸ್ ಮನೆಯೊಳಗೂ ಕಾಲಿಟ್ಟರು. ಅಂದಿನಿಂದ ರಾಯಬಾಗದಲ್ಲಿ ಅವರನ್ನು 'ಮದ್ಲ' ಕೇಳದ ಒಬ್ಬ ಮನುಷ್ಯನನ್ನು ತೋರಿಸಿದವರಿಗೆ ಇನಾಮು ಕೊಡಬಹುದು. ನಿಪ್ಪಾಣಿಯವರದಂತೂ ಬೇರೆಯೇ ದಾವೆ: ಊರಿನ ಹೆಸರು ಹೆಚ್ಚುಕಡಿಮೆ ಒಂದೇ, ನಡುವೆ ಒಂದು ಒತ್ತಕ್ಷರ ಹೆಚ್ಚಾದರೇನಾಯಿತು, ನಮ್ಮವನೇ ಅಂತ. ಅಲ್ಲಿ ಸಾಕ್ಷಿಯನ್ನು ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ ಹೇಳುವುದರಿಂದ ಸಾಕ್ಷಿದಾರರ ಲೆಕ್ಕವೂ ಇಮ್ಮಡಿ.

ಈ ಸೀಮೆಯಲ್ಲಿ ಜನಪದ ಹಾಡು ಮೊದಲು ಕಿವಿಗೆ ಬೀಳುವುದು ಸ್ಟೇಜಿನ ಮೇಲಿಂದಲ್ಲ, ಟ್ರ್ಯಾಕ್ಟರಿನ ಮೇಲಿಂದ. ಫ್ಯಾಕ್ಟರಿ ಚಾಲೂ ಆದವೆಂದರೆ ಎರಡೆರಡು ಟ್ರೇಲರ್ ಕಬ್ಬು ಎಳೆದುಕೊಂಡು ಉಗಾರದ ಕಡೆಗೋ ಇನ್ನೊಂದು ಕಡೆಗೋ ಹೊರಟ ಡ್ರೈವರನ ತಲೆಯ ಮೇಲೆ ಆಳೆತ್ತರದ ಸೌಂಡ್ ಬಾಕ್ಸು. ಪೆನ್‌ಡ್ರೈವಿನಲ್ಲಿ ನಾಳೆ ಹೆಸರು ಮಾಡಲಿರುವ ಅರ್ಧ ಡಜನ್ ಹಾಡುಗಾರರು. ರಾತ್ರಿ ಎರಡಕ್ಕೆ ಆ ಟ್ರ್ಯಾಕ್ಟರು ಮನೆ ಮುಂದೆ ಹಾದಾಗ ನಮ್ಮ ಸಾಕ್ಷಿದಾರ ಏನು ಮಾಡುತ್ತಿದ್ದ? ಕಿಡಕಿ ಜಡಿದು, ದುಪ್ಪಟಿ ಮುಸುಕೆಳೆದು, ಹಾಡಿದವನ ಹಿಂದಿನ ಏಳು ತಲೆಮಾರನ್ನೂ ಮುಂದಿನ ಏಳು ತಲೆಮಾರನ್ನೂ ಬೈಯುತ್ತಿದ್ದ. ಮದ್ಲ ಕೇಳಿದ್ದು ಖರೆ. ಅಷ್ಟರ ಮಟ್ಟಿಗೆ ಅವನು ಸುಳ್ಳು ಹೇಳುವುದಿಲ್ಲ.

ಈ ಬೇನೆ ಅಜ್ಜಂದಿರ ಕಾಲದಿಂದಲೂ ಇದೆ. ಭೀಮಸೇನ ಜೋಶಿಯವರು 1933ರಲ್ಲಿ, ಹನ್ನೊಂದರ ಹುಡುಗನಿದ್ದಾಗ, ಗದಗದ ಮನೆ ಬಿಟ್ಟು ಓಡಿದರು. ಅಂಗಡಿಯೊಂದರಲ್ಲಿ ಕೇಳಿದ ಅಬ್ದುಲ್ ಕರೀಂ ಖಾನರ ಪ್ಲೇಟು ಕಿವಿ ಹೊಕ್ಕಿತ್ತು. ಕೈಯಲ್ಲಿ ಟಿಕೆಟ್ಟಿಲ್ಲ, ಬಾಯಲ್ಲಿ ಹಾಡಿತ್ತು. ಹಿಡಿದ ದಾರಿ ವಿಜಾಪುರದ್ದು. ಆದರೆ ಕುಡಚಿ ಸ್ಟೇಶನ್ನಿನಲ್ಲಿ ಆ ಹುಡುಗನಿಗೆ ಚುರಮುರಿ ಕೊಡಿಸಿದ ಅಜ್ಜ ರಾಯಬಾಗದ ಹತ್ತು ಮನೆಗಳಲ್ಲಿ ಸಿಗುತ್ತಾನೆ. ಗದಗದಿಂದ ವಿಜಾಪುರಕ್ಕೆ ಹೋಗುವ ರೈಲು ಕುಡಚಿಗೆ ಯಾಕೆ ಬಂತು ಅಂತ ಕೇಳಿದರೆ, "ಆವಾಗಿನ ರೈಲು ಹಂಗ ಬರ್ತಿದ್ವು ತಮ್ಮಾ" ಅನ್ನುತ್ತಾರೆ. ಅಜ್ಜನ ಮರ್ಯಾದೆಗೆ ಹಳಿಯೇ ಬಾಗಬೇಕು.

ಕಾಗವಾಡದವರ ಗತ್ತು ಇನ್ನೂ ದೊಡ್ಡದು. ಮಿರಜ ಅವರಿಗೆ ಹಿತ್ತಲು. ಮಿರಜಿನಲ್ಲಿ ಅಬ್ದುಲ್ ಕರೀಂ ಖಾನರು ನೆಲೆಸಿದ್ದರು, ಅಲ್ಲಿಯೇ ನೀಲಕಂಠಬುವಾ ಆಲೂರಮಠರ ಹತ್ತಿರ ಹುಡುಗ ಮಲ್ಲಿಕಾರ್ಜುನ ಮನಸೂರ ಪಾಠ ಹೇಳಿಸಿಕೊಂಡ. ಹಾಗಾಗಿ ಮನಸೂರರ ರಿಯಾಜನ್ನು ಕಿವಿಯಾರೆ ಕೇಳಿದ ಮುತ್ತಜ್ಜಂದಿರು ಕಾಗವಾಡ, ಶೇಡಬಾಳದ ತುಂಬ. ಆದರೆ ನಮ್ಮ ಮಂದಿ ಮಿರಜಿಗೆ ಹೋಗುವುದು ಯಾವುದಕ್ಕೆ? ದವಾಖಾನೆಗೆ. 1894ರಲ್ಲಿ ವಾನ್‌ಲೆಸ್ ಡಾಕ್ಟರು ಮಿಶನ್ ಆಸ್ಪತ್ರೆ ತೆರೆದಾಗಿನಿಂದ ಒಂದು ಕೈಯಲ್ಲಿ ಪೇಶಂಟು, ಇನ್ನೊಂದರಲ್ಲಿ ರೊಟ್ಟಿ ಗಂಟು. ತಂಬೂರಿ ಮಾಡುವವರ ಓಣಿ ಅಲ್ಲೇ ಇದೆ. ಆ ತಂಬೂರಿಗೆ 2024ರಲ್ಲಿ ಜಿಐ ಟ್ಯಾಗ್ ಸಿಕ್ಕ ಮೇಲೆ ಅದೂ ನಮಗೆ ಮದ್ಲ ಗೊತ್ತಿತ್ತು ಎಂದಾಯಿತು. ಗೊತ್ತಿದ್ದದ್ದು ಎಕ್ಸ್‌ರೇ ತೆಗೆಸುವ ಅಂಗಡಿ ಮಾತ್ರ.

ಲಿವರ್‌ಪೂಲಿನವರೂ ಕಡಿಮೆಯಿಲ್ಲ. ಬೀಟಲ್ಸ್ ಹುಡುಗರು 1961ರಿಂದ 1963ರವರೆಗೆ ಹಾಡಿದ ಕ್ಯಾವರ್ನ್ ಕ್ಲಬ್ ಒಂದು ನೆಲಮಾಳಿಗೆ. ಅಲ್ಲಿ ಕೂತು ಕೇಳಿದೆವು ಅನ್ನುವವರನ್ನೆಲ್ಲ ಒಳಗೆ ತುರುಕಿದ್ದರೆ ಮೇಲಿನ ಬೀದಿ ಕುಸಿಯುತ್ತಿತ್ತು. ಆದರೂ ಅವರಲ್ಲೊಂದು ಅನುಕೂಲ ಉಂಟು: 1962ರಲ್ಲಿ ಆ ಹುಡುಗರನ್ನು ಪರೀಕ್ಷಿಸಿ ಬೇಡವೆಂದದ್ದು ಡೆಕ್ಕಾ ಕಂಪನಿ ಅಂತ ಜಗತ್ತಿಗೇ ಗೊತ್ತು. ನಮ್ಮಲ್ಲಿ ಬೇಡವೆಂದವರ ಪತ್ತೆಯೇ ಇಲ್ಲ. ಹೆಸರು ಬಂದ ಮರುದಿನ ಅವರೆಲ್ಲ ಕೇಳಿದವರ ಪಾರ್ಟಿ ಸೇರಿರುತ್ತಾರೆ.

ಈ ಪಕ್ಷಾಂತರದ ಕತೆಯನ್ನು ಸ್ವತಃ ಗಂಗೂಬಾಯಿ ಹಾನಗಲ್ಲರೇ ಹೇಳಿದ್ದಾರೆ. 1924ರ ಬೆಳಗಾವಿ ಕಾಂಗ್ರೆಸ್ಸು, ಗಾಂಧೀಜಿ ಅಧ್ಯಕ್ಷರು. ಸ್ವಾಗತಗೀತೆಗೆ ನಿಂತ ಹುಡುಗಿಯರಲ್ಲಿ ಹನ್ನೊಂದರ ಗಂಗೂ ಕೂಡ ಇದ್ದಳು. ಅಧಿವೇಶನದ ನೂರರ ವರ್ಷಾಚರಣೆ ಬಂದಾಗ ನಮ್ಮ ಜಿಲ್ಲೆಯಲ್ಲಿ ಆ ದನಿಯನ್ನು ಕೇಳಿದವರ ಮೊಮ್ಮಕ್ಕಳೇ ಮೊಮ್ಮಕ್ಕಳು. ಆ ಹುಡುಗಿಯ ಎದೆಯಲ್ಲಿ ಆಗ ಏನಿತ್ತು? ಹಾಡು ತಪ್ಪೀತೆಂಬ ಅಂಜಿಕೆಯಲ್ಲ. ತನ್ನ ಜಾತಿ ನೋಡಿ, ಊಟವಾದ ಮೇಲೆ ಎಂಜಲೆಲೆ ತೆಗೆಯಲು ಹಚ್ಚಿದರೆ ಹೇಗೆ ಎಂಬ ಅಂಜಿಕೆ. ಪಾಠಕ್ಕೆ ಹೊರಟರೆ ಬೀದಿಯಲ್ಲಿ 'ಗಾನೇವಾಲಿ' ಎಂಬ ಕೂಗು. ಧಾರವಾಡದಲ್ಲಿ ನೆರೆಯವರ ತೋಟಕ್ಕೆ ನುಗ್ಗಿ ಮಾವಿನಕಾಯಿ ಕಿತ್ತಾಗ, ಕಾಯಿ ಹೋದದ್ದಕ್ಕಿಂತ ಹಾಡುವವಳ ಮಗಳು ತೋಟದೊಳಗೆ ಕಾಲಿಟ್ಟಳಲ್ಲ ಎಂದು ಮಾಲೀಕರಿಗೆ ಸಿಟ್ಟು. ಹೆಸರು ಬಂದ ಮೇಲೆ ಅದೇ ಮನೆಯಿಂದ ಅವರಿಗೆ ಕರೆ ಬಂತು, ಅತಿಥಿ ಸತ್ಕಾರವೂ ಆಯಿತು. ಅವರನ್ನು 'ಮದ್ಲ' ಕೇಳಿದವರೆಂದರೆ ಇವರೇ. ಬೀದಿಯಲ್ಲಿ ಕೂಗಿದವರ ಮೊಮ್ಮಗ ಯಾರೂ ಎದ್ದು ನಿಂತು "ನಮ್ಮಜ್ಜ ಗಾನೇವಾಲಿ ಅಂತ ಒದರಿದ್ದ" ಅಂದದ್ದನ್ನು ನಾನಂತೂ ಕೇಳಿಲ್ಲ. ಎಲ್ಲರ ಅಜ್ಜಂದಿರೂ ಮುಂದಿನ ಸಾಲಿನಲ್ಲಿ ತಲೆದೂಗಿದವರೇ.

ಈಗ ಜಾತ್ರೆಗೆ ಬನ್ನಿ. ಕಮಿಟಿ ಕಾಕಾ ಪಟ್ಟಿ ಓದುತ್ತಾರೆ: ಪೆಂಡಾಲ, ಡಿಜೆ, ಸಾಹೇಬರಿಗೆ ಹಾರ-ಶಾಲು-ಪೇಟಾ, ಫ್ಲೆಕ್ಸು. ಎಲ್ಲ ಮುಗಿದು ಉಳಿದ ಚಿಲ್ಲರೆ ಇದೆಯಲ್ಲ, ಅದು ಹಾಡುವ ಹುಡುಗನದು. ಹುಡುಗ ತಲೆ ಕೆರೆಯುತ್ತ, "ಕಾಕಾ, ಕೀಬೋರ್ಡಿನಾಂವಗ ಕೊಡಬೇಕ್ರಿ, ಗಾಡಿ ಡೀಸೆಲ್ಲರ..." ಅನ್ನುತ್ತಾನೆ. ಕಾಕಾ ಕೈ ಎತ್ತುತ್ತಾರೆ. "ತಮ್ಮಾ, ಸ್ಟೇಜ್ ಕೊಟ್ಟೇವಿ, ಮೈಕ್ ಕೊಟ್ಟೇವಿ, ಹೊಟ್ಟಿ ತುಂಬ ಹುಗ್ಗಿ ಹಾಕ್ತೇವಿ. ಹೆಸರ ಬರ್ತೈತಿ ನಿನಗ. ರೊಕ್ಕ ಎಲ್ಲೂ ಓಡಿ ಹೋಗೂದಿಲ್ಲ." ರೊಕ್ಕ ಓಡಿಹೋಗುವುದಿಲ್ಲ, ಖರೆ. ಅದು ಕಾಕಾನ ಕಿಸೆಯಲ್ಲೇ ತೂಕಡಿಸುತ್ತಿರುತ್ತದೆ.

ಒಂಬತ್ತಕ್ಕೆ ಅಂದ ಕಾರ್ಯಕ್ರಮ ಹನ್ನೊಂದಕ್ಕೆ ಶುರು. ಮೊದಲ ನುಡಿ ಮುಗಿಯುವಷ್ಟರಲ್ಲಿ ಮೈಕ್ ಕೈಬದಲಾಗುತ್ತದೆ: ಇಂಥ ಸಾಹುಕಾರರಿಂದ ಐದುನೂರಾ ಒಂದು ರೂಪಾಯಿ ಆಯಾರ, ಇಂಥ ಗೌಡರ ಮೊಮ್ಮಗನ ಹುಟ್ಟಿದ ಹಬ್ಬದ ನಿಮಿತ್ತ ನೂರಾ ಒಂದು. ಹುಡುಗ ಎರಡನೇ ನುಡಿಗೆ ಬಾಯಿ ತೆರೆದನೋ ಇಲ್ಲವೋ, ಹೊರಗೆ ಬಿಳಿ ಗಾಡಿಗಳು ನಿಲ್ಲುತ್ತವೆ. ಹಾಡು ಬಂದ್. ಸಾಹೇಬರು ಚಿಕ್ಕೋಡಿಯನ್ನು ಮುಕ್ಕಾಲು ತಾಸಿನಲ್ಲಿ ಜಿಲ್ಲೆ ಮಾಡಿಕೊಟ್ಟು ಇಳಿಯುತ್ತಾರೆ. ಅವರ ಹಿಂದೆ ಅರ್ಧ ಪೆಂಡಾಲ ಎದ್ದು ಹೋಗುತ್ತದೆ. ಉಳಿದವರು ಯಾರು? ಚಾಪೆಯ ಮೇಲೆ ಮಲಗಿದ ಹುಡುಗರು, ಮೊಮ್ಮಕ್ಕಳನ್ನು ಕಾಯುವ ಅಜ್ಜಿಯರು, ಕುರ್ಚಿ ಎಣಿಸಿಕೊಂಡು ಹೋಗಬೇಕಾದ ಪೆಂಡಾಲದ ಆಳುಗಳು. ನಾಳೆ ಚಹಾದಂಗಡಿಯ ಸಾಕ್ಷಿದಾರರಲ್ಲಿ ಇವರೊಬ್ಬರೂ ಇರುವುದಿಲ್ಲ.

ಕಾಕಾ ಮಾತ್ರ ಕಾಲಕ್ಕೆ ತಕ್ಕಂತೆ ತಯಾರಾಗಿದ್ದಾರೆ. ಅಜ್ಜಂದಿರ ಹಾಗೆ ಬರೀ ಬಾಯಿಮಾತಿನ ಸಾಕ್ಷಿ ಈಗ ನಡೆಯುವುದಿಲ್ಲವೆಂದು ಅವರಿಗೆ ಗೊತ್ತು. ಸ್ಟೇಜಿನ ಹಿಂದೆ ಹುಡುಗನ ಹೆಗಲ ಮೇಲೆ ಕೈಹಾಕಿ ನಾಲ್ಕು ಫೋಟೋ ತೆಗೆಸಿಕೊಂಡರು, ಒಂದು ಅಡ್ಡ, ಮೂರು ಉದ್ದ. "ಮುಂದ ಬೇಕಾಗ್ತಾವ," ಅಂತ ಫೋನು ಕಿಸೆಗಿಟ್ಟು, ಮೂರನೇ ಹಾಡಿಗೆ ತಾಳ ಬೀಳುವುದರೊಳಗೆ ಗಾಡಿಗೆ ಕಿಕ್ ಹೊಡೆದರು. ಹಿಂದೆ ಕೂತ ಅಳಿಯ ಕೇಳಿದ:

"ಮಾಮಾ, ಆ ಹುಡುಗನ ಹೆಸರೇನ?"

"ಅದನ್ನ ಟೀವಿಯವರ ಹೇಳ್ತಾರ ತಗೋ, ಹೊತ್ತ ಬಂದಾಗ."