ನೆಹರೂ ಪುತಳಾ ಚೌಕದ ಕ್ಲೈಮ್ಯಾಕ್ಸ್: ಭಯಾನಕ ರಸ, ಫೈಟಿಂಗು ಮತ್ತು ಒಬ್ಬ ಮುದುಕಿಯ ಪ್ರತಿನಿಧೀಕರಣ

ಆ್ಯಕ್ಷನ್ ಹಾರರ್ ಚಿತ್ರಗಳ ಮೇಲೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಸಂಶೋಧನೆ ಹುಲುಸಾಗಿ ನಡೆಯುತ್ತಿದೆ. ವಿದ್ವಾಂಸರೆಲ್ಲ ಎಸಿ ಥಿಯೇಟರಿಗೇ ಅಂಟಿಕೊಂಡಿರುವುದರಿಂದ, ಟಿಕೆಟ್ಟಿಲ್ಲದೆ, ಪರದೆಯಿಲ್ಲದೆ, ಇಂಟರ್‌ವಲ್ ಕೂಡ ಇಲ್ಲದೆ 140 ವರ್ಷಕ್ಕೂ ಮೇಲ್ಪಟ್ಟು ಓಡುತ್ತಿರುವ ಒಂದು ಚಿತ್ರ ಮಾತ್ರ ಅವರ ಕಣ್ಣಿಗೆ ಬಿದ್ದಿಲ್ಲ. ನಾಗಪುರದ ಇತವಾರಿಯಲ್ಲಿ, ಪೋಳಾ ಅಮಾವಾಸ್ಯೆಯ ಮರುದಿನ, ವರ್ಷಕ್ಕೊಂದೇ ಷೋ ಕಾಣುವ, ಮಾರಬತ್ ಎಂಬ ಹೆಣ್ಣು ಪ್ರತಿಮೆಗಳ ಮೆರವಣಿಗೆಯೇ ಆ ಚಿತ್ರ. (ಪೋಳಾ ಎತ್ತಿನ ಹಬ್ಬ, ನಮ್ಮ ಕಾರಹುಣ್ಣಿಮೆಯ ದಾಯಾದಿ. ಎತ್ತಿಗೆ ಒಂದು ದಿನ ವಿಶ್ರಾಂತಿ ಸಿಕ್ಕ ಮಾರನೇ ದಿನವೇ ಮನುಷ್ಯ ಬೀದಿಗಿಳಿಯುತ್ತಾನೆ ಎಂಬುದು ಪ್ರತ್ಯೇಕ ಪ್ರಬಂಧದ ವಿಷಯ.)

ಇದು ಮೆರವಣಿಗೆ, ಸಿನಿಮಾ ಹೇಗಾದೀತು ಎಂದು ಪೂರ್ವಪಕ್ಷಿಗಳು ಕೇಳಬಹುದು. ಲೂಮಿಯೇರ್ ಸಹೋದರರ ಚಿತ್ರಗಳು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಮೊದಲು ಓಡಿದ್ದು 1896ರ ಜುಲೈಯಲ್ಲಿ. ಇತವಾರಿಯ ಕಾಳಿ ಮಾರಬತ್, ಅಂದರೆ ಕಪ್ಪಿನವಳು, ಹೊರಟದ್ದು 1881ರಲ್ಲಿ. ತರ್ಹಾನೆ ತೇಲಿ ಸಮಾಜದವರ ಪಿವಳಿ ಮಾರಬತ್, ಅಂದರೆ ಹಳದಿಯವಳು, 1885ರಲ್ಲಿ. ಆದ್ದರಿಂದ ಸಿನಿಮಾವೇ ಮಾರಬತ್ತನ್ನು ನಕಲು ಮಾಡಿದೆ ಎಂಬುದು ಈ ಪ್ರಬಂಧದ ಮೊದಲ ಪ್ರಮೇಯ. ಹಿಂದೆ ಹುಟ್ಟಿದ್ದು ಮುಂದೆ ಹುಟ್ಟಿದ್ದಕ್ಕೆ ಕಾರಣ ಎಂಬ ತತ್ವದ ಮೇಲೆ ಎಷ್ಟೋ ಪಿಎಚ್‌ಡಿಗಳು ನಿಂತಿರುವಾಗ ಇದೊಂದನ್ನು ಬೀಳಿಸುವುದು ನ್ಯಾಯವಲ್ಲ.

ಈಗ ದೃಶ್ಯ ವಿಶ್ಲೇಷಣೆ. ಬಿದಿರಿನ ಎಲುಬು, ಕಾಗದ ಬಟ್ಟೆಗಳ ಚರ್ಮ, ಮೇಲೆ ಗಾಢ ಬಣ್ಣ. ಮನೆಯ ಮಾಡಿಗೆ ಸಮನಾದ ಎತ್ತರ. ಇಂಥ ಒಬ್ಬಳು ಕಪ್ಪಗೆ, ಇನ್ನೊಬ್ಬಳು ಹಳದಿ, ಇಬ್ಬರೂ ಇತವಾರಿಯ ಇಕ್ಕಟ್ಟು ಬೀದಿಗಳಲ್ಲಿ ಜನದ ಹೆಗಲ ಮೇಲಿಂದ ಏಳುತ್ತಾರೆ. ಸರಾಫರ ಅಂಗಡಿಗಳ ಶಟರ್ ಅರ್ಧಕ್ಕೆ ಇಳಿದಿರುತ್ತದೆ. ಮೇಲಿನ ಗ್ಯಾಲರಿಗಳಲ್ಲಿ ಹೆಂಗಸರು ಮಕ್ಕಳು ಒತ್ತೊತ್ತಾಗಿ ನಿಂತಿರುತ್ತಾರೆ. ರೋಗ, ರುಜಿನ, ಪೀಡೆ, ಈಚೀಚೆಗೆ ಬೆಲೆಯೇರಿಕೆ, ಲಂಚ, ಎಲ್ಲವನ್ನೂ ಹೊತ್ತುಕೊಂಡು ಹೊರಟುಹೋಗು ಎಂದು ಗಂಡಸರು ಗಂಟಲು ಹರಿಯುವಂತೆ ಕೂಗುತ್ತಾರೆ. ನೆಹರೂ ಪುತಳಾ ಚೌಕದಲ್ಲಿ ಕಪ್ಪು ಹಳದಿಗಳು ಮುಖಾಮುಖಿಯಾಗುತ್ತವೆ. ಡೋಲು ತಾರಕಕ್ಕೇರುತ್ತದೆ. ಪ್ರೇಕ್ಷಕನಿಗೆ ರೋಮಾಂಚ.

ಆದರೆ ಫೈಟಿಂಗ್ ಇಲ್ಲ!

ಇಬ್ಬರೂ ಎದುರುಬದುರು ನಿಂತು, ಜನರ ಕೂಗು ಕೇಳಿಸಿಕೊಂಡು, ಮುಂದೆ ಸಾಗುತ್ತಾರೆ; ಕೊನೆಗೆ ಬೆಂಕಿ. ಸ್ಟಂಟ್ ಮಾಸ್ಟರಿಗೆ ಸಂಬಳ ಕೊಡದ ಈ ಜಿಪುಣತನದ ಹಿಂದೆ ಶಾಸ್ತ್ರವಿದೆ. ಯುದ್ಧ, ಮರಣ, ರಾಜ್ಯಭ್ರಂಶಗಳನ್ನು ರಂಗದ ಮೇಲೆ ನೇರವಾಗಿ ತೋರಿಸಬಾರದೆಂದು ಭರತಮುನಿಯ ನಾಟ್ಯಶಾಸ್ತ್ರ ನಿಷೇಧಿಸಿದೆ. ಅದೇ ಗ್ರಂಥದಲ್ಲಿ ರಸಕ್ಕೊಂದು ಬಣ್ಣವೂ ಉಂಟು: ಭಯಾನಕಕ್ಕೆ ಕಪ್ಪು, ಅದ್ಭುತಕ್ಕೆ ಹಳದಿ! ಕಾಳಿಯವಳು ಭಯಾನಕ, ಪಿವಳಿಯವಳು ಅದ್ಭುತ. ತಾಯಂದಿರು ಹರಕೆ ಹೊತ್ತು ಹಸುಗೂಸುಗಳನ್ನು ಹಳದಿಯವಳ ಹತ್ತಿರ ತರುವುದು ಇದಕ್ಕೇ. ಭರತಮುನಿ ಇತವಾರಿಗೆ ಬಂದಿದ್ದನೆಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? ಬಂದಿದ್ದಲ್ಲಿ ತರ್ರಿ ಪೋಹಾ ಎಂಬ ಇಲ್ಲಿನ ಖಾರದ ಅವಲಕ್ಕಿ ತಿಂದೇ ಹೋಗಿರುತ್ತಾನೆ. ಅದರ ಖಾರದ ಪ್ರಭಾವ ರೌದ್ರ ರಸದ ವರ್ಣನೆಯಲ್ಲಿ ಸ್ಪಷ್ಟವಾಗಿದೆ.

ಪ್ರಮಾಣಪತ್ರದ ಪ್ರಶ್ನೆ ಹಾಗೇ ಉಳಿಯುತ್ತದೆ. ಸೆನ್ಸಾರಿನವರು ಈಗ ಯು/ಎ ಎಂಬುದನ್ನೂ 7, 13, 16 ಎಂದು ಸೀಳಿದ್ದಾರೆ. ತೊಟ್ಟಿಲ ಕೂಸು ನೋಡುವ ದಹನಕ್ಕೆ ಯಾವ ಸೀಲು ಒತ್ತಬೇಕೋ ಮಂಡಳಿಯೇ ಹೇಳಬೇಕು.

ಇನ್ನು ಪ್ರತಿನಿಧೀಕರಣ. ಸೆಮಿನಾರಿನಲ್ಲಿ ಈ ಪದ ಬಂದ ಕೂಡಲೇ ಊಟದ ಹೊತ್ತಾಯಿತೆಂದು ಸಭಿಕರು ಏಳುತ್ತಾರೆ. ಓದುಗರು ದಯವಿಟ್ಟು ಕೂರಬೇಕು, ಪ್ರಬಂಧದಲ್ಲಿ ತಿರುಳು ಇರುವುದು ಇಲ್ಲೊಂದೇ ಕಡೆ. ಕಪ್ಪು ಮಾರಬತ್ ಕೃಷ್ಣನಿಗೆ ಹಾಲೂಡಿಸಲು ಬಂದ ಪೂತನಿ ಎಂದು ಒಂದು ಪಾಠ. ಇನ್ನೊಂದು ಪಾಠದ ಪ್ರಕಾರ ಅವಳು ಭೋಸಲೆ ಮನೆತನದ ರಾಣಿ ಬಾಕಾಬಾಯಿ, ಎರಡನೇ ರಘೂಜಿಯ ಹೆಂಡತಿ; ಇಂಗ್ಲಿಷರ ಜೊತೆ ಸೇರಿ ನಾಗಪುರವನ್ನು ಒಪ್ಪಿಸಿದವಳು. ಈ ಎರಡನೇ ಪಾಠಕ್ಕೆ ಹಿನ್ನೆಲೆ ಕಥೆ ಬೇಕು. ಇಂಗ್ಲಿಷರ ಸೈನ್ಯವನ್ನು ಮನೆಯೊಳಕ್ಕೆ ಬಿಟ್ಟುಕೊಳ್ಳುವ ಒಪ್ಪಂದ ಆದದ್ದು 1816ರ ಮೇ ತಿಂಗಳಲ್ಲಿ. ಮಾಡಿಕೊಂಡವನು ರಾಜಪ್ರತಿನಿಧಿ ಅಪ್ಪಾಸಾಹೇಬ ಭೋಸಲೆ. ಮರುವರ್ಷ ದೊರೆ ಪರಸೋಜಿ ಕೊಲೆಯಾದ. ಕೊಲ್ಲಿಸಿದ ಆರೋಪವೂ ಅಪ್ಪಾಸಾಹೇಬನ ಮೇಲೆ. ಅದೇ ವರ್ಷದ ನವೆಂಬರಿನಲ್ಲಿ ಸೀತಾಬರ್ಡಿ ಗುಡ್ಡದ ಯುದ್ಧದಲ್ಲಿ ಅವನು ಇಂಗ್ಲಿಷರ ವಿರುದ್ಧ ತಿರುಗಿ ಸೋತ. ತಿರುಗಿಬಿದ್ದ ಕಾರಣಕ್ಕೆ ಕಥೆಯಲ್ಲಿ ಹೀರೋ ಆದ. ಬಾಕಾಬಾಯಿ ಅವನ ನಂತರ ಪಟ್ಟಕ್ಕೆ ಬಂದ ಬಾಲದೊರೆಯ ಪರವಾಗಿ ಅರಮನೆ ನೋಡಿಕೊಂಡಳು, 1857ರಲ್ಲಿ ಮುದಿವಯಸ್ಸಿನಲ್ಲಿ ಇಂಗ್ಲಿಷರ ಪಕ್ಷದಲ್ಲೇ ನಿಂತಳು, ವಿಲನ್ ಆದಳು. ಅವಳೇನೂ ನಿರಪರಾಧಿಯಲ್ಲ. ಆದರೆ ಸಹಿ ಹಾಕಿದವನ ಮೇಲೆ ಕ್ಯಾಮೆರಾ ತಿರುಗಲಿಲ್ಲ.

ಗಂಡಸರ ಪ್ರತಿಮೆಗಳೂ ಈ ಚಿತ್ರದಲ್ಲಿವೆ, ಬಡಗ್ಯಾ ಎಂದು. ಆ ವರ್ಷದ ಮಂತ್ರಿ, ಮೋಸಗಾರ, ಭಯೋತ್ಪಾದಕ, ಹಗರಣದ ದೊಡ್ಡಮನುಷ್ಯ ಎಲ್ಲರಿಗೂ ಚಪ್ಪಲಿ ಹಾರ ಸಿದ್ಧ. ಈ ವಿಡಂಬನೆ ಎಷ್ಟು ನಿರ್ಭಯವಾಗಿರುತ್ತದೆಂದರೆ, ಇದನ್ನು ನೋಡಿದ ಮೇಲೆ ನಮ್ಮ ಪತ್ರಿಕೆಗಳ ವ್ಯಂಗ್ಯಚಿತ್ರಗಳು ಸಪ್ಪೆಯೆನಿಸುತ್ತವೆ. ಆದರೆ ಬಡಗ್ಯಾನಿಗೆ ಒಂದು ವರ್ಷದ ಶಿಕ್ಷೆ; ಮುಂದಿನ ಪೋಳಾಕ್ಕೆ ಅವನ ಜಾಗದಲ್ಲಿ ಇನ್ನೊಬ್ಬ, ಹಳಬನ ಹೆಸರು ಜನಕ್ಕೆ ಮರೆತೇಹೋಗಿರುತ್ತದೆ. ಹೆಂಗಸು ಮಾತ್ರ ವರ್ಷವರ್ಷವೂ ಅವಳೇ. ಹಾರರ್ ಚಿತ್ರದ ದೆವ್ವಕ್ಕೆ ಬಿಳಿ ಸೀರೆ ಉಡಿಸುವ ನಿಯಮ ಮುಂದೆ ಬಂತು. ಹೆಂಗಸೇ ಆಗಿರಬೇಕೆಂಬ ನಿಯಮ 1881ರಲ್ಲೇ ಇತ್ತು.

ಹಾಗೆಂದು ಇದು ಹಿಂಸೆಯ ವೈಭವೀಕರಣ ಎಂದು ತೀರ್ಪು ಕೊಡಲು ಪ್ರಬಂಧಕಾರನಿಗೆ ಮನಸ್ಸಿಲ್ಲ. 2004ರ ‘ಆಪ್ತಮಿತ್ರ’ದ ಕೊನೆಯಲ್ಲಿ ಮನುಷ್ಯನ ಜಾಗಕ್ಕೆ ಗೊಂಬೆಯನ್ನಿಟ್ಟು ನಾಗವಲ್ಲಿಯ ಸೇಡು ತೀರಿಸಿ ಕಳಿಸುತ್ತಾರಲ್ಲ, ಇತವಾರಿಯ ವೈದ್ಯವೂ ಅದೇ. ನಮ್ಮ ಹಳ್ಳಿಗಳಲ್ಲಿ ಮಾರಿಯನ್ನು ಗಡಿ ದಾಟಿಸಿ ಪಕ್ಕದೂರಿಗೆ ಸಾಗಹಾಕುತ್ತಿದ್ದರು. ನಾಗಪುರದವರು ನೆರೆಯವರಿಗೆ ತೊಂದರೆ ಕೊಡದೆ ತಾವೇ ಸುಡುತ್ತಾರೆ. ಸಾವಿರಾರು ಜನ ಒಂದು ದಿನವಿಡೀ ಸಿಟ್ಟು ಕೂಗಿ, ಬಿದಿರು ಕಾಗದ ಸುಟ್ಟು ಮನೆಗೆ ಹೋಗುತ್ತಾರೆಂದರೆ, ಅಷ್ಟೇ ಸಿಟ್ಟಿಗೆ ನಮ್ಮ ಹೀರೋಗಳು ಮಚ್ಚು ಹಿಡಿದು ಮೂರು ಗಂಟೆ ನೂರಾರು ಜನರನ್ನು ಕೊಚ್ಚುವುದಕ್ಕಿಂತ ಇದು ಅಗ್ಗ, ನೆಲವೂ ಒರೆಸಬೇಕಾಗಿಲ್ಲ.

ಆದ್ದರಿಂದ ಮೆರವಣಿಗೆಯ ಮಂಡಳಿಗಳಿಗೆ ಒಂದು ಮನವಿ. ಬರುವ ಪೋಳಾದ ಮಾರನೇ ದಿನ ಅಪ್ಪಾಸಾಹೇಬನದೂ ಒಂದು ಬಡಗ್ಯಾ ಕಟ್ಟಿ, ಕೈಯಲ್ಲಿ 1816ರ ಕರಾರುಪತ್ರ ಕೊಟ್ಟು, ಬಾಕಾಬಾಯಿಯ ಪಕ್ಕದಲ್ಲೇ ನಡೆಸಿ. ಬಿದಿರಿನ ಖರ್ಚನ್ನು ಸೆಮಿನಾರಿನ ಅನುದಾನದಲ್ಲಿ ‘ಕ್ಷೇತ್ರಕಾರ್ಯ’ ಎಂದು ತೋರಿಸುವ ಹೊಣೆ ನನ್ನದು.