ಗೋಬಿ ಗಾಡಿಯ ಪಕ್ಕದ ಗಡಿ

ಸ್ಟುಡಿಯೋ ಇಲ್ಲದ ಸ್ವತಂತ್ರ ಪತ್ರಕರ್ತ ನಾನು. ಟ್ರೈಪಾಡ್ ಊರುವುದು ಬೀದಿ ಮೂಲೆಯ ಗೋಬಿ ಗಾಡಿ ಪಕ್ಕ. ಲೈಟು ಗಾಡಿಯವನದು, ಸಾಲ ನನ್ನದು.

"ಇವತ್ತು ಯಾವ ಬಾರ್ಡರು ಸಾರ್?"

"ಚೀನಾ ಬಾರ್ಡರು, ಗಲ್ವಾನ್ ಕಣಪ್ಪ. 2020ರ ಜೂನ್ 15ಕ್ಕೆ ನಮ್ಮ 20 ಯೋಧರು ಪ್ರಾಣ ಬಿಟ್ಟರು. ನಾಲ್ಕು ದಿನ ಬಿಟ್ಟು ಸರ್ವಪಕ್ಷ ಸಭೆಯಲ್ಲಿ ಪ್ರಧಾನಿ, ನಮ್ಮ ಗಡಿಯೊಳಗೆ ಯಾರೂ ನುಗ್ಗಿಲ್ಲ ಅಂದರು."

"ನುಗ್ಗದೇ ಇದ್ದೋರು ಬಂದು ಹೊಡೆದ್ರಾ?"

"ನಾನೂ ಅದನ್ನೇ ಕೇಳಿದೆ. ಪಾಕಿಸ್ತಾನಕ್ಕೆ ಹೋಗು ಅಂದರು. ಜಗಳ ಚೀನಾದ್ದು, ಟಿಕೆಟ್ ಪಾಕಿಸ್ತಾನಕ್ಕೆ!"

"ಗಡಿ ಎಷ್ಟುದ್ದ ಇದೆ ಅಂತೀರಿ?"

"ನಮ್ಮ ಲೆಕ್ಕದಲ್ಲಿ 3,488 ಕಿಲೋಮೀಟರ್. ಚೀನಾದವರ ಲೆಕ್ಕದಲ್ಲಿ ಸುಮಾರು 2,000."

"ನಮ್ ಅಣ್ತಮ್ಮಂದಿರ ಬದು ಜಗಳಾನೇ ವಾಸಿ. ಅಲ್ಲಿ ಕಲ್ಲಾದ್ರೂ ನೆಟ್ಟಿದೆ." ಬಾಣಲೆಗೆ ಒಂದು ಹಿಡಿ ಹೂಕೋಸು ಬಿಟ್ಟ. ಎಣ್ಣೆ ಚೊರ್ ಅಂದಿತು. "ಆಮೇಲೆ ಅವರ 59 ಆ್ಯಪ್ ಬ್ಯಾನ್ ಮಾಡಿದ್ರಲ್ಲ, ಚೀನಾ ಸೋಲ್ಲಿಲ್ವಾ?"

"2023-24ರಲ್ಲಿ ನಮ್ಮ ಜೊತೆ ಅತಿ ಹೆಚ್ಚು ವ್ಯಾಪಾರ ಮಾಡಿದ್ದೇ ಚೀನಾ."

"ಹಂಗಾದ್ರೆ ಸೋತೋನು ನಾನೊಬ್ನೇ! ಆವತ್ತು ಕೇಂದ್ರದ ಮಂತ್ರಿಯೊಬ್ರು ಚೈನೀಸ್ ತಿನ್ಬೇಡಿ ಅಂದ್ರು. 2024ರಲ್ಲಿ ರಾಜ್ಯ ಸರ್ಕಾರ ಗೋಬಿಗೆ ಬಣ್ಣ ಹಾಕ್ಬೇಡ ಅಂತು. ದಿಲ್ಲೀಲೂ ಇಲ್ಲೂ ಬೇರೆ ಬೇರೆ ಪಕ್ಷ. ಒಮ್ಮತ ಮಾತ್ರ ನನ್ ಬಾಣಲೆ ಮೇಲೆ."

ಬಣ್ಣದ ವಿಷಯದಲ್ಲಿ ಸರ್ಕಾರ ಹೇಳಿದ್ದು ಸರಿಯೇ. ಆದರೆ ಲೈಟು ಅವನದಲ್ಲವೇ, ಸುಮ್ಮನಿದ್ದೆ.

"ಅಂದಂಗೆ ಸಾರ್, ನಿಮ್ ಫೋನ್ ಯಾವ ದೇಶದ್ದು?"

"ಹಾಫ್ ಪ್ಲೇಟ್ ಕೊಡಪ್ಪ. ಈರುಳ್ಳಿ ಜಾಸ್ತಿ ಹಾಕು."